ತಂತಿಗೆ ನೆನಪಿತ್ತು, ನನ್ನ ಪ್ರೋಗ್ರಾಮಿಗೆ ಇರಲಿಲ್ಲ

ಮುಲುಂಡಿನಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ನೆನಪಿರುವ ಲೋಹ, ಅದನ್ನು ಕಂಪ್ಯೂಟರಿಗೆ ಅರ್ಥಮಾಡಿಸೋಕೆ ಹೋಗಿ ನಾನು ಎಡವಿದ ಕಥೆ.

ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸಿದ್ದರೆ ಈ ಲೋಹವನ್ನು ನೀವು ನೋಡಿರಬಹುದು. ಹೆಸರು ನಿಟಿನಾಲ್, ನಿಕಲ್ ಮತ್ತು ಟೈಟಾನಿಯಂ ಸೇರಿದ ಮಿಶ್ರಲೋಹ. ತಣ್ಣಗಿದ್ದಾಗ ಎಳೆದು ಉದ್ದ ಮಾಡಿ. ಬಿಸಿ ಮಾಡಿದರೆ ಹಳೇ ಉದ್ದಕ್ಕೆ ಮರಳುತ್ತೆ. ಒಳಗಿನ ಪರಮಾಣುಗಳ ಜೋಡಣೆಯೇ ಬದಲಾಗುತ್ತೆ: ತಣ್ಣಗಿದ್ದಾಗ ಮಾರ್ಟೆನ್ಸೈಟ್, ಬಿಸಿಯಾದಾಗ ಆಸ್ಟೆನೈಟ್.

ಇಂಥ ತಂತಿಯನ್ನು ಶೇಕಡಾ 4ರಷ್ಟು ಎಳೆದು, ಗಾಜಿನ ನಾರು ಮತ್ತು ಎಪಾಕ್ಸಿಯ ಪಟ್ಟಿಯಲ್ಲಿ ಒಂದು ಮುಖದ ಹತ್ತಿರ ಹುದುಗಿಸಿ. ಕರೆಂಟ್ ಕೊಟ್ಟರೆ ತಂತಿ ಕುಗ್ಗೋಕೆ ನೋಡುತ್ತೆ, ಪಟ್ಟಿ ಬಾಗುತ್ತೆ. ಮೋಟಾರ್ ಬೇಡ, ಗೇರ್ ಬೇಡ. ತಣ್ಣಗಾದಾಗ ಪಟ್ಟಿ ತಂತಿಯನ್ನು ಮತ್ತೆ ಎಳೆದು ನೇರವಾಗುತ್ತೆ.

ಓದುವಾಗ ಇದಕ್ಕೊಂದು ಪ್ರೋಗ್ರಾಂ ಬರೆದೆ. ಬಿಸಿ ಮಾಡುವಾಗಿನ ಗ್ರಾಫ್ ಪ್ರಯೋಗಕ್ಕೆ ಚೆನ್ನಾಗಿ ಹೊಂದಿತು. ಖುಷಿಯೋ ಖುಷಿ! ನನ್ನ ಅಂಕಿ ನಂಬಿ ಗೆಳೆಯನೊಬ್ಬ ಕರೆಂಟ್ ಕಂಟ್ರೋಲ್ ಮಾಡಿದ. ಪಟ್ಟಿ ಬಾಗಿತು, ಆದರೆ ಹೇಳಿದ ಹೊತ್ತಿಗೆ ನೇರವಾಗಲಿಲ್ಲ. ನಮ್ಮ ಸರ್ ಕೇಳಿದ್ದು ಒಂದೇ ಪ್ರಶ್ನೆ: "ತಣ್ಣಗಾಗೋ ಗ್ರಾಫ್ ಎಲ್ಲಪ್ಪಾ?"

ನಾನದನ್ನು ಹೋಲಿಸಿಯೇ ಇರಲಿಲ್ಲ. ಶಾಖ ಎಷ್ಟು ಅಂತ ಮಾತ್ರ ಪ್ರೋಗ್ರಾಂ ಕೇಳುತ್ತಿತ್ತು. ಉದಾಹರಣೆಗೆ ಒಂದು ತಂತಿ 55ರಿಂದ 70 ಡಿಗ್ರಿಯೊಳಗೆ ಆಸ್ಟೆನೈಟ್ ಆಗುತ್ತೆ, ಮರಳುವುದು 45ರಿಂದ 30ರೊಳಗೆ ಅಂದುಕೊಳ್ಳಿ. ಹಾಗಾದರೆ 50 ಡಿಗ್ರಿಯಲ್ಲಿ ಅದು ಯಾವುದು? ಬಿಸಿಯಾಗುತ್ತಾ ಬಂದಿದ್ದರೆ ಮಾರ್ಟೆನ್ಸೈಟ್, ತಣ್ಣಗಾಗುತ್ತಾ ಬಂದಿದ್ದರೆ ಆಸ್ಟೆನೈಟ್.

ನಮ್ಮ ಮುಲುಂಡ್ ಸ್ಟೇಷನ್ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಠಾಣೆ ಕಡೆಯಿಂದ ಬರೋ ಲೋಕಲ್ ತುಂಬಿ ತುಳುಕುತ್ತೆ, ಭಾಂಡುಪ್ ಕಡೆಯಿಂದ ಬರೋದ್ರಲ್ಲಿ ಜಾಗ ಇರುತ್ತೆ. ಸ್ಟೇಷನ್ ಒಂದೇ, ಸಮಯ ಒಂದೇ. ಎಲ್ಲಿಂದ ಬಂತು ಅನ್ನೋದೇ ಮುಖ್ಯ.

ಇನ್ನೊಂದು ತಪ್ಪೂ ಇತ್ತು. ಪಟ್ಟಿಯೊಳಗೆ ತಂತಿ ಬಿಡುಬೀಸಾಗಿ ಕುಗ್ಗಲಾರದು. ಒತ್ತಡ ಏರಿದಂತೆ ಬದಲಾವಣೆಯ ಶಾಖವೂ ಏರುತ್ತೆ. ಹೆಚ್ಚು ಬಿಸಿ ಮಾಡಿದರೆ ಎಪಾಕ್ಸಿ ಮೆತ್ತಗಾಗಬಹುದು. ಹಾಗಾಗಿ ಶಾಖ, ಒತ್ತಡ, ಲೋಹದ ಸ್ಥಿತಿ ಮೂರನ್ನೂ ಹೆಜ್ಜೆಹೆಜ್ಜೆಗೂ ಒಟ್ಟಿಗೇ ಲೆಕ್ಕಹಾಕಬೇಕು. 1993ರಲ್ಲಿ ಬ್ರಿನ್ಸನ್ ಕೊಟ್ಟ ಮಾದರಿ ಒಂದು ಹೆಜ್ಜೆ ಮುಂದೆ ಹೋಗಿ, ಶಾಖದಿಂದಾದ ಮಾರ್ಟೆನ್ಸೈಟನ್ನೂ ಒತ್ತಡದಿಂದಾದದ್ದನ್ನೂ ಬೇರೆಬೇರೆ ಎಣಿಸುತ್ತೆ. ನಾನೂ ಅದನ್ನೇ ಹಿಡಿದು ಪ್ರೋಗ್ರಾಂ ಪೂರ್ತಿ ತಿರುಗಿ ಬರೆದೆ.

ಈ ವಿದ್ಯೆ ಆಟಿಕೆಗಷ್ಟೇ ಅಲ್ಲ. 2005ರಲ್ಲಿ ಬೋಯಿಂಗ್ ಎಂಜಿನ್ನಿನ ಸದ್ದು ತಗ್ಗಿಸಲು ಇಂಥ ಲೋಹದಿಂದ ಬಾಗುವ ಅಂಚುಗಳನ್ನು ವಿಮಾನದಲ್ಲಿ ಹಾರಿಸಿ ಪರೀಕ್ಷಿಸಿತು. ಅಲ್ಲಿ ಬಾಗಿದ್ದು ಮರಳಲೇಬೇಕು.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದೇ ಮಾತು: ಪರದೆಯ ಬಣ್ಣದ ಚಿತ್ರ ನೋಡಿ ಮರುಳಾಗಬೇಡಿ. ಹೋಗುವ ದಾರಿ ಹೊಂದಿತಾ? ಸರಿ, ಬರುವ ದಾರಿಯನ್ನೂ ಹೋಲಿಸಿ.