ಅಂಗಡಿಯ ಹೊಸ್ತಿಲು

ಮನೆಗೊಂದು ಹೊಸ್ತಿಲು, ಅಂಗಡಿಗೊಂದು ಹೊಸ್ತಿಲು. ಎರಡರ ಧರ್ಮವೂ ಬೇರೆ. ಮನೆಯ ಹೊಸ್ತಿಲನ್ನು ಯಾರು ದಾಟಬೇಕೆಂಬುದು ಮನೆಯೊಡೆಯನ ಇಷ್ಟ. ಅಂಗಡಿಯ ಹೊಸ್ತಿಲಾದರೋ ಬೀದಿಗೇ ಸೇರಿದ್ದು. ಬೆಳಗ್ಗೆ ಬಾಗಿಲು ತೆರೆದು, ದೇವರಿಗೆ ಊದುಬತ್ತಿ ಹಚ್ಚಿ ಗಲ್ಲೆಯ ಮೇಲೆ ಕುಳಿತ ವ್ಯಾಪಾರಿ, ‘ಬರುವವರೆಲ್ಲ ಬನ್ನಿ’ ಎಂದು ಊರಿಗೆ ಮಾತು ಕೊಟ್ಟಂತೆಯೇ. ಆ ಮಾತಿನಿಂದ ಕೆಲವರನ್ನು ಹೊರಗಿಡಬಹುದೆ ಎಂಬ ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ. ಆ ಕೆಲವರೆಂದರೆ, ತಮ್ಮದೇ ಲಿಂಗದವರಲ್ಲಿ ಒಲವು ನೆಲೆಗೊಂಡವರು; ಸಲಿಂಗಪ್ರೇಮಿಗಳು.

ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಯಲ್ಲಾಪುರದ ಕಡೆಯಿಂದ ಇಬ್ಬರು ಗಂಡಸರು ಬಂದರೆನ್ನಿ. ರಾತ್ರಿ ತಂಗಲು ಕೋಣೆ ಕೇಳುತ್ತಾರೆ. ಲಾಡ್ಜಿನವರು ಗುರುತಿನ ಚೀಟಿ ನೋಡಿ ಬೀಗದ ಕೈ ಕೊಡುತ್ತಾರೆ. ಅಣ್ಣತಮ್ಮಂದಿರಿರಬಹುದು, ಅಡಿಕೆ ವ್ಯಾಪಾರದ ಪಾಲುದಾರರಿರಬಹುದು. ಇಬ್ಬರು ಗಂಡಸರು ಒಂದೇ ಕೋಣೆಯಲ್ಲಿ ಮಲಗುವುದು ನಮ್ಮ ಕಡೆ ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಆದರೆ ಅವರು ‘ನಾವು ಬಾಳಸಂಗಾತಿಗಳು’ ಎಂದುಬಿಟ್ಟರೆ? ಕೋಣೆ ಅದೇ, ಬಾಡಿಗೆ ಅದೇ, ಮನುಷ್ಯರೂ ಅವರೇ. ಆದರೂ ‘ಕೋಣೆ ಖಾಲಿ ಇಲ್ಲ’ ಎಂಬ ಉತ್ತರ ಬರಬಹುದು. ಸುಳ್ಳಿಗೆ ಕೋಣೆಯುಂಟು, ನಿಜಕ್ಕೆ ಬೀದಿ. ಈ ಬಗೆಯ ಭೇದದ ವಿಲಕ್ಷಣತೆ ಇದು. ಗಿರಾಕಿಯು ಹಣದ ಜೊತೆಗೆ ತನ್ನ ಮೌನವನ್ನೂ ಎಣಿಸಿಕೊಡಬೇಕಾಗುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಒಂದು ಬಾಗಿಲು ಮುಚ್ಚಿದರೆ ಮುಂದಿನ ಬೀದಿಯಲ್ಲಿ ಇನ್ನೊಂದು ಸಿಕ್ಕೀತು. ಸಿದ್ದಾಪುರದಲ್ಲಿಯೋ ಯಲ್ಲಾಪುರದಲ್ಲಿಯೋ ಅಷ್ಟು ಬೀದಿಗಳಿಲ್ಲ. ಕ್ಷೌರದಂಗಡಿಯವರಿಗೆ ನಮ್ಮ ತಂದೆಯ ಹೆಸರು ಗೊತ್ತು. ಖಾನಾವಳಿಯವರಿಗೆ ನಮ್ಮ ಊರು ಕೇರಿ ಗೊತ್ತು. ಈ ಪರಿಚಯವೇ ಸಣ್ಣ ಊರಿನ ಸುಖ. ಇದೇ ಕೆಲವರಿಗೆ ಭಯವೂ ಹೌದು. ಚಹದ ಲೋಟವನ್ನು ಕುಕ್ಕಿ ಇಡುವ ಸದ್ದು, ಹಿಂದಿನ ಬೆಂಚಿನಿಂದ ಬರುವ ನಗೆ, ಬಾಡಿಗೆಗೆ ಮನೆಯಿದ್ದೂ ಇಲ್ಲವೆನ್ನುವ ಮಾತು, ಇವುಗಳ ಮೇಲೆ ದೂರು ಕೊಡುವುದಾದರೂ ಹೇಗೆ? ದೂರು ಕೊಟ್ಟವನು ತನ್ನ ಗುಟ್ಟನ್ನು ತಾನೇ ಡಂಗುರ ಸಾರಿದಂತಾಗುತ್ತದೆ. ಆದುದರಿಂದ ‘ನಮ್ಮ ಊರಿನಲ್ಲಿ ಇಂಥದೊಂದು ದೂರನ್ನೇ ಕೇಳಿಲ್ಲ’ ಎನ್ನುವವರು, ದೂರಿಲ್ಲದ ಕಡೆ ನೋವೂ ಇಲ್ಲವೆಂದು ತಿಳಿಯಬಾರದು.

ಕಾನೂನು ಏನೆನ್ನುತ್ತದೆ? ಬ್ರಿಟಿಷರು 1860ರಲ್ಲಿ ರಚಿಸಿದ ದಂಡಸಂಹಿತೆಯ 377ನೆಯ ಕಲಮು ಈ ಒಲವನ್ನು ಅಪರಾಧದ ಪಟ್ಟಿಗೆ ಸೇರಿಸಿತ್ತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಬಾಳು ಅಪರಾಧವಲ್ಲವೆಂದು ತೀರ್ಪಿತ್ತಿತು. ಅಪರಾಧದ ಕಳಂಕ ಕಳೆದರೂ ಅಂಗಡಿಯ ಬಾಗಿಲು ತಾನಾಗಿ ತೆರೆಯುವುದಿಲ್ಲ. ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡವು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಅಂಗಡಿ, ಹೋಟೆಲುಗಳಲ್ಲಿ ಯಾರನ್ನೂ ತಡೆಯಕೂಡದೆನ್ನುತ್ತದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಡಾ. ಅಂಬೇಡ್ಕರರು ‘ಅಂಗಡಿ’ ಎಂಬ ಪದಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟರು. ಅಗಸರ ಅಂಗಡಿ, ಕ್ಷೌರದಂಗಡಿಗಳೂ ಅದರೊಳಗೆ ಬರುತ್ತವೆಂದರು. ಈ ಖಂಡದಲ್ಲಿ ಒಲವಿನ ಮಾತಿಲ್ಲ. ಆದರೆ ಒಲವಿನ ಕಾರಣಕ್ಕೆ ಮಾಡುವ ಭೇದವೂ ಲಿಂಗಭೇದವೇ ಎಂದು ನ್ಯಾಯಮೂರ್ತಿ ಚಂದ್ರಚೂಡರು 2018ರ ತೀರ್ಪಿನಲ್ಲಿ ವಿವರಿಸಿದ್ದಾರೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರಕು ಸೇವೆಗಳನ್ನು ನಿರಾಕರಿಸಕೂಡದೆಂದು 2019ರ ಅಧಿನಿಯಮ ಬಿಡಿಸಿ ಹೇಳಿತು. ಸಲಿಂಗಪ್ರೇಮಿಗಳ ಪಾಲಿಗೆ ಅಷ್ಟು ಬಿಚ್ಚುಮಾತಿನ ಕಾಯಿದೆ ಬಂದಿಲ್ಲ. 2024ರ ಆಗಸ್ಟಿನಲ್ಲಿ, ಇಂಥ ಸಂಗಾತಿಗಳು ಜಂಟಿ ಖಾತೆ ತೆರೆಯಲು ಯಾವ ಅಡ್ಡಿಯೂ ಇಲ್ಲವೆಂದು ಕೇಂದ್ರ ಸರ್ಕಾರ ಬ್ಯಾಂಕುಗಳ ವಿಷಯದಲ್ಲಿ ಸ್ಪಷ್ಟಪಡಿಸಿತು. ಬ್ಯಾಂಕಿನ ಕಿಟಕಿಯಲ್ಲಿ ಹೇಳಬಹುದಾದ ನಿಜವನ್ನು ಪಕ್ಕದ ಲಾಡ್ಜಿನಲ್ಲಿ ಮುಚ್ಚಿಡಬೇಕೆಂದರೆ ಅದೆಂಥ ನ್ಯಾಯ?

ಹೊಸ್ತಿಲಿನ ಈ ಜಗಳ ನಮಗೆ ಹೊಸದಲ್ಲ. ಜಾತಿ ಕೇಳಿ ಜಾಗ ತೋರಿಸುವ, ಕೆಲವರಿಗೆ ಬೇರೆ ಲೋಟವಿಡುವ ಹೋಟೆಲುಗಳನ್ನು ನಮ್ಮ ನಾಡು ಕಂಡಿದೆ. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದರು. ಅವರ ಪ್ರೇರಣೆಯಿಂದ ಮಾರಿಕಾಂಬೆಯ ಗುಡಿಯಲ್ಲಿ ಕೋಣನ ಬಲಿ ನಿಂತಿತು. ಗುಡಿ ಎಲ್ಲರಿಗೂ ತೆರೆಯಿತು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಿಸುವ ಕಾನೂನು ಬಂದಾಗ ಅಂಗಡಿ, ಹೋಟೆಲುಗಳೂ ಅದರ ವ್ಯಾಪ್ತಿಗೆ ಬಂದವು. ಜಾತಿಯ ನೋವನ್ನೂ ಈ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ‘ಬೇರೆ ಗಿರಾಕಿಗಳು ಒಪ್ಪುವುದಿಲ್ಲ, ನಾನೇನು ಮಾಡಲಿ’ ಎಂಬ ವ್ಯಾಪಾರಿಯ ನೆಪ ಎರಡು ಕಡೆಯೂ ಒಂದೇ. ಅಂದು ಆ ನೆಪವನ್ನು ಕಾನೂನು ಒಪ್ಪಲಿಲ್ಲ. ಎಲ್ಲರೂ ಬಂದು ಕುಳಿತ ಮೇಲೆ ಹೋಟೆಲುಗಳೇನೂ ಮುಚ್ಚಿಹೋಗಲಿಲ್ಲ.

ಇನ್ನೊಂದು ಆಕ್ಷೇಪ ತುಸು ಗಟ್ಟಿಯಾದುದು. ಜೋಗವನ್ನೂ ಮಾಗೋಡನ್ನೂ ನೋಡಬರುವ ಪ್ರವಾಸಿಗರಿಗಾಗಿ ಈಚೆಗೆ ನಮ್ಮ ತೋಟದ ಮನೆಗಳೇ ಹೋಮ್‌ಸ್ಟೇಗಳಾಗಿವೆ. ‘ಇದು ನನ್ನ ಮನೆ, ಇಲ್ಲಿ ನನ್ನ ಆಚಾರ ನಡೆಯಬೇಡವೆ?’ ಎಂದು ಯಜಮಾನರು ಕೇಳಬಹುದು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಇದೇ ಪ್ರಶ್ನೆ ಎದ್ದಿತು. ತಾವೇ ವಾಸಿಸುತ್ತಿದ್ದ ಮನೆಯಲ್ಲಿ ಪುಟ್ಟ ಹೋಟೆಲು ನಡೆಸುತ್ತಿದ್ದ ಶ್ರದ್ಧಾವಂತ ಕ್ರೈಸ್ತ ದಂಪತಿಗಳು 2008ರಲ್ಲಿ ಇಬ್ಬರು ಪುರುಷ ಸಂಗಾತಿಗಳಿಗೆ ಜೋಡಿ ಮಂಚದ ಕೋಣೆ ಕೊಡಲೊಪ್ಪಲಿಲ್ಲ. 2013ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ದಂಪತಿಗಳ ಮೇಲ್ಮನವಿಯನ್ನು ತಳ್ಳಿಹಾಕಿತು. ನಂಬಿಕೆ ಅವರ ಸ್ವಂತದ್ದು. ಬಾಡಿಗೆಗೆ ತೆರೆದ ಕೋಣೆ ಸಾರ್ವಜನಿಕರದು. ಅದೇ ನ್ಯಾಯಾಲಯ 2018ರಲ್ಲಿ ಬೆಲ್‌ಫಾಸ್ಟಿನ ಒಂದು ಬೇಕರಿಯ ಪರವಾಗಿ ತೀರ್ಪಿತ್ತಿತು. ಸಲಿಂಗವಿವಾಹವನ್ನು ಬೆಂಬಲಿಸುವ ಘೋಷಣೆಯನ್ನು ಕೇಕಿನ ಮೇಲೆ ಬರೆಯಲು ಬೇಕರಿಯವರು ಒಪ್ಪಿರಲಿಲ್ಲ. ತಾನು ನಂಬದ ಮಾತನ್ನು ಬರೆಯಲು ಯಾರನ್ನೂ ಬಲವಂತಪಡಿಸಲಾಗದು. ಎದುರಿಗೆ ಬಂದ ಮನುಷ್ಯನನ್ನು ಮಾತ್ರ ತಿರಸ್ಕರಿಸಕೂಡದು. ಈ ಎರಡು ತೀರ್ಪುಗಳ ನಡುವಣ ವಿವೇಕ ನಮಗೂ ಸಲ್ಲುವಂಥದು.

ಹಾಗೆ ನೋಡಿದರೆ ವ್ಯಾಪಾರಿಯಿಂದ ಬಯಸುವುದು ಬಹಳ ಸಣ್ಣದು. ಯಾರ ಬಾಳನ್ನೂ ಅವರು ಹೊಗಳಬೇಕಾಗಿಲ್ಲ, ಅರ್ಥಮಾಡಿಕೊಳ್ಳಬೇಕೆಂಬ ನಿರ್ಬಂಧವೂ ಇಲ್ಲ. ಕೇಳಿದ ಕೋಣೆಯನ್ನು ಕೊಟ್ಟು, ತಕ್ಕ ಬಾಡಿಗೆ ಪಡೆದು, ಇತರರೊಡನೆ ಆಡುವಂತೆಯೇ ಎರಡು ಮಾತಾಡಿದರೆ ಸಾಕು. ಘಟ್ಟದ ಮೇಲಿನ ನಮ್ಮ ಮನೆಗಳಲ್ಲಿ ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ನೀರು, ಬೆಲ್ಲ ಕೊಡುತ್ತಾರೆ. ‘ಆಸರಿಗೆ ಏನು ಬೇಕು?’ ಎಂದು ಕೇಳುತ್ತಾರೆ. ಯಾರು, ಎತ್ತ ಎಂಬ ವಿಚಾರಣೆ ಆಮೇಲೆ. ಮನೆಯ ಹೊಸ್ತಿಲಿನಲ್ಲಿಯೇ ಇಷ್ಟು ಔದಾರ್ಯವನ್ನು ಕಲಿತ ಜನ, ಹಣ ಕೊಟ್ಟು ಸಲ್ಲಬೇಕಾದುದನ್ನು ಕೇಳುವವರ ಮುಂದೆ ಅಂಗಡಿಯ ಹೊಸ್ತಿಲನ್ನು ಎತ್ತರಿಸುವುದು ತರವೆ? ಯೋಚಿಸಬೇಕಾದವರು ಗಲ್ಲೆಯ ಮೇಲೆ ಕುಳಿತವರಷ್ಟೇ ಅಲ್ಲ; ಹಿಂದಿನ ಬೆಂಚಿನಲ್ಲಿ ಕುಳಿತು ನಗುವ ನಾವೂ ಹೌದು.