ನಾರುವ ಮರದ ಮದ್ದು



ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪುತ್ತೂರು, ಸುಳ್ಯ, ಕಡಬದ ಮನೆಗಳವರು ಹಾಲೆ ಮರದ ಕೆತ್ತೆಯನ್ನು ಕಲ್ಲಿನಿಂದಲೇ ಜಜ್ಜಿ ತರುತ್ತಾರೆ. ಓಮ, ಬೆಳ್ಳುಳ್ಳಿ, ಕರಿಮೆಣಸು ಅರೆದು ಸೇರಿಸಿ, ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ಆ ಕೆತ್ತೆಯ ಕಷಾಯಕ್ಕೆ ಹಾಕಿದಾಗ ಏಳುವ ಚುಂಯ್ ಸದ್ದು ನಮಗೆಲ್ಲ ಗೊತ್ತು. ಆದರೆ ಮರದ ಗುರುತಿಲ್ಲದವರನ್ನು ಹಿರಿಯರು ಕೆತ್ತೆ ತರಲು ಕಳಿಸುವುದಿಲ್ಲ. ಕತ್ತಲಲ್ಲಿ ಕಾಸರ್ಕ ಮರದ ಕೆತ್ತೆ ಬಂದರೆ ಅದು ವಿಷ.

ಮದ್ದಿಗೂ ವಿಷಕ್ಕೂ ಹೀಗೆಯೇ ಹತ್ತಿರವಿರುವ ಶೀ ಶು ಎಂಬ ಮರ ಚೀನಾದಲ್ಲಿದೆ. ಹಾಗೆಂದರೆ ಸಂತೋಷದ ಮರ. ಅಲ್ಲಿನ ಸಾಂಪ್ರದಾಯಿಕ ವೈದ್ಯದಲ್ಲಿ ಅದಕ್ಕೆ ಜಾಗವಿತ್ತು. 1966ರಲ್ಲಿ ಅಮೆರಿಕದ ವಿಜ್ಞಾನಿ ಮನ್ರೋ ವಾಲ್ ಮತ್ತು ನಮ್ಮ ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್ಸುಖ್ ವಾನಿ ಆ ಮರದಿಂದ ತೆಗೆದ ಕ್ಯಾಂಪ್ಟೊಥೆಸಿನ್ ಎಂಬ ಸಾರದ ರಚನೆಯನ್ನು ಪ್ರಕಟಿಸಿದರು. ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರೆ ಮೂತ್ರದಲ್ಲಿ ರಕ್ತ, ತೀವ್ರ ಭೇದಿ. ಪ್ರಯೋಗ ನಿಂತೇಹೋಯಿತು. ಹತ್ತಕ್ಕೂ ಹೆಚ್ಚು ವರ್ಷ ಅದು ಮೂಲೆ ಸೇರಿತ್ತು.

1985ರಲ್ಲಿ ಗುಟ್ಟು ಬಯಲಾಯಿತು. ಜೀವಕೋಶದಲ್ಲಿ ಡಿಎನ್‌ಎಯ ಸಿಕ್ಕು ಬಿಡಿಸುವ ಒಂದು ಕಿಣ್ವವನ್ನು ಈ ಸಾರ ಕೆಲಸದ ನಡುವೆಯೇ ಹಿಡಿದುಬಿಡುತ್ತದೆ. ಡಿಎನ್‌ಎ ತುಂಡಾಗುತ್ತದೆ, ಕೋಶ ಸಾಯುತ್ತದೆ. ಆಮೇಲೆ ಆ ಅಣುವನ್ನೇ ತಿದ್ದಿ ಟೋಪೊಟೆಕಾನ್ ಮಾಡಿದರು. ಶ್ವಾಸಕೋಶದ ಕ್ಯಾನ್ಸರಿನಲ್ಲಿ 'ಸಣ್ಣ ಜೀವಕೋಶ'ದ ಬಗೆ ನೂರಕ್ಕೆ ಸುಮಾರು 15. ಬಹುಪಾಲು ಬೀಡಿ ಸಿಗರೇಟು ಸೇದಿದವರಿಗೆ ಬರುವಂಥದ್ದು, ಬಲು ಬೇಗ ಹರಡುವಂಥದ್ದು. ಅದು ಮರುಕಳಿಸಿದಾಗ ಕೊಡಲು 1998ರಲ್ಲಿ ಅಮೆರಿಕ ಈ ಮದ್ದಿಗೆ ಒಪ್ಪಿಗೆ ಕೊಟ್ಟಿತು.

ಇನ್ನು ನಮ್ಮ ಕಾಡಿನ ಮಾತು. 1972ರಲ್ಲಿ ರಸಾಯನ ವಿಜ್ಞಾನಿಗಳಾದ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಸಾರವನ್ನು ಸಹ್ಯಾದ್ರಿಯ ಒಂದು ಮರದಲ್ಲಿ ಕಂಡರು. ಚೀನಾದ ಮರಕ್ಕೆ ಸಂತೋಷದ ಹೆಸರು. ನಮ್ಮದಕ್ಕೆ ದುರ್ವಾಸನೆ ಮರ. ಅದರ ಹೂವು ಅಷ್ಟು ನಾರುತ್ತದೆ. ಸಾರ ಮಾತ್ರ ಚೀನಾದ ಮರದ ಹಲವು ಪಟ್ಟು: ಒಣಗಿಸಿದ ಮರದ ಒಂದು ಕೆ.ಜಿ.ಗೆ ಸುಮಾರು ಒಂದು ಗ್ರಾಂ. ಇದೇ ಅದಕ್ಕೆ ಮುಳುವಾಯಿತು. ಘಟ್ಟದುದ್ದಕ್ಕೂ ಮರಗಳನ್ನು ಬುಡಸಮೇತ ಕಡಿದು ಸಾಗಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮತ್ತು ಸಿರಸಿಯ ಅರಣ್ಯ ಕಾಲೇಜಿನ ಸಂಶೋಧಕರು, ಯಾವ ಕಾಡಿನ ಮರದಲ್ಲಿ ಸಾರ ಎಷ್ಟಿದೆ ಎಂದು ಅಳೆದು ನೋಡಿದ್ದು ಆ ಕಳವಳದಲ್ಲೇ.

ಈ ಕಥೆ ಹೇಳಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ಹಾಗಾದರೆ ದುರ್ವಾಸನೆ ಮರದ ಕೆತ್ತೆಯ ಕಷಾಯ ಮಾಡಿ ಕ್ಯಾನ್ಸರ್ ರೋಗಿಗಳಿಗೆ ಕುಡಿಸಬಹುದಲ್ಲ? ಬೇಡ, ದಯವಿಟ್ಟು ಬೇಡ. ಅಂದು ರೋಗಿಗಳ ಮೂತ್ರದಲ್ಲಿ ರಕ್ತ ಬರಿಸಿದ ಸಾರ ಅದರಲ್ಲಿ ಹಾಗೆಯೇ ಇದೆ. ತಿದ್ದಿ ಮಾಡಿದ ಟೋಪೊಟೆಕಾನ್ ಕೊಡುವಾಗಲೂ ಮೊದಲು ರಕ್ತಕಣಗಳನ್ನು ಎಣಿಸಿ ನೋಡುತ್ತಾರೆ. ಎಣಿಕೆ ಇಳಿದಿದ್ದರೆ ಆ ದಿನ ಮದ್ದಿಲ್ಲ. ತಿಳಿ ಹಳದಿ ಪುಡಿಯ ಆ ಪುಟ್ಟ ಸೀಸೆ ಒಡೆಯದೇ ಕಾಯುತ್ತದೆ.