ಅಡಿಗೆಮನೆಯ ಕಂಬ ಮತ್ತು ತೊಲೆ: ಹೊಗೆ ಹೋದ ಮೇಲೆ ಏನು ಬಳಿಯಬೇಕು?



ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಗಾದೆ ತಮಗೆಲ್ಲ ಗೊತ್ತಿದೆ. ಅನ್ನ ಇಕ್ಕಿದವರ ಕುಂದು ಹುಡುಕಬಾರದು ಎಂಬುದು ಅದರ ತಾತ್ಪರ್ಯ. ಆದರೆ ಆ ಗಾದೆಯೊಳಗೆ ಒಂದು ಮನೆಯ ರಚನೆಯೂ ಅಡಗಿದೆ. ಉಣ್ಣಲು ಕುಳಿತವನು ತಲೆ ಎತ್ತಿದರೆ ಜಂತಿಗಳು ಕಾಣಬೇಕು. ಅಂದರೆ ಅವುಗಳನ್ನು ಮುಚ್ಚುವ ಚಾವಣಿ ಅಲ್ಲಿರಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಮೇಲ್ಮುದ್ದೆಯ ಮನೆಗಳು ಇಂಥವೇ. ಬುಡದ ಕಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಆಮೇಲೆ ಸಣ್ಣ ಕಟ್ಟಿಗೆಯ ಹಾಸು, ಎಲ್ಲದರ ಮೇಲೆ ಮಣ್ಣಿನ ಮುದ್ದೆ. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಇಷ್ಟು ಅಂಕಣ ಎಂದು ಉತ್ತರ. ಕಂಬದಿಂದ ಕಂಬದ ನಡುವಿನ ಜಾಗವೇ ಅಂಕಣ. ಹೀಗೆ ಮನೆಯ ಅಳತೆಯೇ ಕಂಬದಿಂದ ಹುಟ್ಟಿತ್ತು.

ಸಣ್ಣ ಮನೆಗಳಲ್ಲಿ ಒಲೆಗೆ ಬೇರೆ ಕೋಣೆ ಇರುತ್ತಿರಲಿಲ್ಲ. ಒಂದು ಅಂಕಣದ ಮೂಲೆಯಲ್ಲಿ ಒಲೆ, ಅಡ್ಡಕ್ಕೆ ಒಂದು ಗಿಡ್ಡ ಗೋಡೆ, ಅಷ್ಟೆ. ಈಗ ಪಟ್ಟಣದವರು ಓಪನ್ ಕಿಚನ್ ಎಂದು ಹೊಸದಾಗಿ ಕಟ್ಟಿಸಿಕೊಳ್ಳುವುದು ಈ ಭಾಗದ ರೈತ ಮತ್ತು ನೇಕಾರ ಕುಟುಂಬಗಳಿಗೆ ಹಳೆಯ ಸಂಗತಿ.

ಆ ಮನೆಗಳಲ್ಲಿ ಕಂಬ-ತೊಲೆಗಳಿಗೆ ಏನು ಬಳಿಯಬೇಕು ಎಂದು ಯಾರೂ ಕೂತು ಯೋಚಿಸಲಿಲ್ಲ. ಆ ಕೆಲಸವನ್ನು ಹೊಗೆಯೇ ಮಾಡುತ್ತಿತ್ತು. ಜೋಳದ ದಂಟು, ಹತ್ತಿಕಟ್ಟಿಗೆ, ಕುಳ್ಳು ಉರಿದಾಗ ಏಳುವ ಹೊಗೆಯಲ್ಲಿ ಬರೀ ಮಸಿ ಇರುವುದಿಲ್ಲ, ಡಾಂಬರಿನಂಥ ಅಂಟು ಪದಾರ್ಥಗಳೂ ಇರುತ್ತವೆ. ಅವು ಕಟ್ಟಿಗೆಯ ಮೇಲೆ ಪದರ ಪದರವಾಗಿ ಕೂತು ಹುಳು-ಹುಪ್ಪಡಿಗಳನ್ನು ದೂರ ಇಡುತ್ತಿದ್ದವು. ದಿನವೂ ತಗಲುವ ಬಿಸಿ ಕಟ್ಟಿಗೆಯನ್ನು ಒಣಗಿಸಿಡುತ್ತಿತ್ತು. ಒಲೆಯ ಮೇಲಿನ ತೊಲೆ ಕನ್ನಡಿಯಂತೆ ಕಪ್ಪಗೆ ಮಿರುಗಿದ್ದು ಹಾಗೆ. ಆದರೆ ಆ ಮಿರುಗಿಗೆ ಬೆಲೆ ತೆತ್ತವರು ಹೆಣ್ಣುಮಕ್ಕಳು. ಅದೇ ಹೊಗೆ ಅವರ ಕಣ್ಣಿಗೂ ಪುಪ್ಪುಸಕ್ಕೂ ಇಳಿಯುತ್ತಿತ್ತು. ಆದ್ದರಿಂದ ಹೊಗೆ ಹೋಯಿತೆಂದು ಮರುಗಬೇಕಾಗಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಗ್ಯಾಸಿನ ಒಲೆ ಬಡವರ ಮನೆಗಳಿಗೂ ಹೆಚ್ಚು ಹೆಚ್ಚಾಗಿ ಬಂತು. ಹೊಗೆಯ ಕಾವಲು ತಪ್ಪಿದ ಕಟ್ಟಿಗೆಗೆ ಬೇರೆ ಕಾವಲು ಏನು ಎಂಬ ಪ್ರಶ್ನೆ ಆಗ ಎದ್ದಿತು.

ಹಳೆಯ ಮನೆಯನ್ನು ದುರಸ್ತಿ ಮಾಡುವವರಿಗೆ ಈ ಪ್ರಶ್ನೆ ಒಂದು ಬಗೆಯದು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟು, ಹಳೆಯ ಮನೆಯ ಕಂಬ-ಬಾಗಿಲುಗಳನ್ನು ಬಿಚ್ಚಿ ಪುನರ್ವಸತಿ ಕೇಂದ್ರಕ್ಕೆ ತಂದ ಕುಟುಂಬಗಳಿಗೆ ಇನ್ನೊಂದು ಬಗೆಯದು. ಅಂಥವರಿಗೆ ಮುಳುಗಿದ ಊರಿನಿಂದ ಉಳಿದದ್ದು ಆ ಕಟ್ಟಿಗೆ ಮಾತ್ರ. ಅದನ್ನು ಕೆಡಿಸಿದರೆ ಮತ್ತೆ ತರಲು ಆ ಮನೆ ನೀರಿನ ಮೇಲಿಲ್ಲ.

ಇಂಥ ಮನೆಗಳಲ್ಲಿ ಮಾತು ನಡೆಯುವುದು ಸಾಮಾನ್ಯವಾಗಿ ಹೀಗೆ. ಸೊಸೆ, “ಅತ್ತಿ, ಈ ಕರಿ ಕಂಬ ತಿಕ್ಕಿಸಿ ಪಾಲಿಶ್ ಹೊಡಸೋಣು, ಮನಿ ಬೆಳಕಾಗ್ತೈತಿ” ಎನ್ನುತ್ತಾಳೆ. ಅತ್ತೆ, “ಬ್ಯಾಡ ಯವ್ವಾ, ನಿಮ್ಮ ಮಾವ ಹುಟ್ಟೂಕಿಂತ ಮದಲಿನ ಕಂಬ ಅದು, ಹಾಂಗೇ ಇರಲಿ” ಎನ್ನುತ್ತಾಳೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಮಸಿ ಉದುರುವ ತೊಲೆಯ ಕೆಳಗೆ ರೊಟ್ಟಿ ಬಡಿಯುವುದು ಸರಿಯಲ್ಲ. ಹಾಗೆಂದು ಯಂತ್ರ ಹಚ್ಚಿ ಉಜ್ಜಿದರೆ ಬಡಗಿಯ ಬಾಚಿಯ ಗುರುತು, ದೀಪ ತೂಗಿದ ಮೊಳೆಯ ತೂತು, ಹಬ್ಬಕ್ಕೊಮ್ಮೆ ಹಚ್ಚಿದ ಅರಿಷಿಣ-ಕುಂಕುಮದ ಕಲೆ ಎಲ್ಲವೂ ಒಂದೇ ದಿನದಲ್ಲಿ ಹೋಗುತ್ತವೆ.

ಬಣ್ಣ ಯಾವುದೆಂದು ಗೊತ್ತುಮಾಡುವ ಮೊದಲು ಕಟ್ಟಿಗೆ ಗಟ್ಟಿಯಿದೆಯೇ ಎಂದು ನೋಡಬೇಕು. ಕಂಬದ ಬುಡಕ್ಕೂ, ತೊಲೆ ಗೋಡೆಯೊಳಗೆ ಹೊಕ್ಕ ತುದಿಗೂ ಚೂಪಾದ ದಬ್ಬಣ ಚುಚ್ಚಬೇಕು. ಸಲೀಸಾಗಿ ಒಳಗೆ ಇಳಿದರೆ ಆ ಮನೆಗೆ ಮೊದಲು ಬೇಕಾದವನು ಬಡಗಿ, ಬಣ್ಣದವನಲ್ಲ. ಗೆದ್ದಲಿನ ಮಣ್ಣು ಕಂಡರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಉಣಿಸಿ, ಒಣಗಿದ ಮೇಲೆ ಮುಂದಿನ ಕೆಲಸ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಕೃಷ್ಣೆಯರ ಮಹಾಪೂರ ಮುಧೋಳ, ಜಮಖಂಡಿ ಭಾಗದ ಊರುಗಳನ್ನು ಹೊಕ್ಕಿತ್ತು. ಹಾಗೆ ನೀರುಂಡ ಕಂಬಕ್ಕೆ ಅವಸರದಲ್ಲಿ ವಾರ್ನಿಶ್ ಬಳಿದರೆ ಒಳಗಿನ ಹಸಿ ಹೊರಬರಲು ದಾರಿ ಸಿಗದೆ ಕಟ್ಟಿಗೆ ಒಳಗೊಳಗೇ ಕೊಳೆಯುತ್ತದೆ. ಅದು ತಿಂಗಳುಗಟ್ಟಲೆ ಗಾಳಿಯಲ್ಲಿ ಒಣಗಬೇಕು.

ಎರಡನೆಯ ಎಚ್ಚರಿಕೆ ಹಳೆಯ ಬಣ್ಣದ್ದು. ಎಷ್ಟೋ ಮನೆಗಳ ಕಂಬಗಳಿಗೆ ಹಸಿರು, ನೀಲಿ, ಹಳದಿ ಆಯಿಲ್ ಪೇಂಟ್ ಬಳಿದದ್ದುಂಟು. ಹಿಂದಿನ ಇಂಥ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ ದೇಶದಲ್ಲಿ ಜಾರಿಯಾದದ್ದು 2017ರಲ್ಲಿ. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿ ಹಿಡಿದು ಸುಡಲೂಬಾರದು. ನೀರು ಚಿಮುಕಿಸಿ ಕೆರೆದು, ಬಿದ್ದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಅಷ್ಟು ಹೊತ್ತು ಕೂಸುಗಳನ್ನೂ ಬಸುರಿಯರನ್ನೂ ಬೇರೆ ಮನೆಯಲ್ಲಿ ಇರಿಸುವುದು ಕ್ಷೇಮ. ಹಳೆಯ ಮಸಿಗೂ ಇದೇ ಕ್ರಮ. ಅಂಟವಾಳದ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಉದುರುವ ಮಸಿ ಹೋಗುತ್ತದೆ, ಕಟ್ಟಿಗೆಗೆ ಹಿಡಿದ ಕಪ್ಪು ಉಳಿಯುತ್ತದೆ. ಅತ್ತೆ ಸೊಸೆ ಇಬ್ಬರಿಗೂ ಅಲ್ಲಿಗೆ ಅರ್ಧ ಸಮಾಧಾನ.

ಇನ್ನು ಎಣ್ಣೆಯ ವಿಚಾರ. ಈ ಸೀಮೆಯ ಅಡಿಗೆಮನೆಗೆ ಪರಿಚಿತವಾದ ಎಣ್ಣೆಕಾಳುಗಳು ಮೂರು: ಶೇಂಗಾ, ಕುಸುಬಿ, ಅಗಸಿ. ಕಟ್ಟಿಗೆಗೆ ಹಚ್ಚಿದಾಗ ಮೂರರ ಗುಣವೂ ಬೇರೆ. ಅಗಸಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿ ಪೊರೆಯಾಗುತ್ತದೆ. ಕುಸುಬಿಯೂ ಹಾಗೆಯೇ, ಆದರೆ ನಿಧಾನ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ. ಜಿಗುಟಾಗಿ ಉಳಿದು ಧೂಳು ಹಿಡಿಯುತ್ತದೆ. ಕಂಬಕ್ಕೆ ಎಣ್ಣೆ ಹಚ್ಚಿದೆವು, ಅಂಟು ಹೋಗಲಿಲ್ಲ ಎಂದು ದೂರುವವರು ಯಾವ ಎಣ್ಣೆ ಎಂದು ಮೊದಲು ನೋಡಿಕೊಳ್ಳಬೇಕು. ಅಗಸಿ ಎಣ್ಣೆಯನ್ನೂ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಹೆಚ್ಚಾದದ್ದನ್ನು ಒರೆಸಿಬಿಡಬೇಕು. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮಡಚಿದ ಬಟ್ಟೆಯಲ್ಲಿ ಆ ಬಿಸಿ ಕೂಡಿಕೊಂಡು ತಾನಾಗಿಯೇ ಬೆಂಕಿ ಹೊತ್ತುವುದುಂಟು. ಅದನ್ನು ಹೊರಗೆ ಹರವಿ ಒಣಗಿಸಬೇಕು, ಇಲ್ಲವೆ ನೀರಲ್ಲಿ ಮುಳುಗಿಸಿಡಬೇಕು.

ವಾರ್ನಿಶ್ ಅಥವಾ ಪಾಲಿಯುರಿಥೇನ್ ಲೇಪ ಮೇಲೆ ಗಟ್ಟಿ ಪೊರೆಯಾಗಿ ನಿಲ್ಲುತ್ತದೆ. ಒಗ್ಗರಣೆಯ ಜಿಡ್ಡನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬಹುದು. ಆದರೆ ಒಮ್ಮೆ ಸೀಳಿ ಎದ್ದರೆ ಅಷ್ಟನ್ನೂ ಕೆರೆದು ಮತ್ತೆ ಬಳಿಯಬೇಕಾಗುತ್ತದೆ. ಎಣ್ಣೆಯಾದರೆ ಮಾಸಿದಲ್ಲಿ ಮಾತ್ರ ಇನ್ನೊಂದು ಕೈ ಹಚ್ಚಿದರೆ ಸಾಕು. ಆದ್ದರಿಂದ ಇಡೀ ಅಡಿಗೆಮನೆಗೆ ಒಂದೇ ಲೇಪ ಎಂಬ ಹಟ ಬೇಕಿಲ್ಲ. ಹಿಟ್ಟಿನ ಕೈ, ಎಣ್ಣೆಯ ಕೈ ತಗಲುವ ಎತ್ತರದವರೆಗೆ ಕಂಬಕ್ಕೆ ಹೊಳಪಿಲ್ಲದ ವಾರ್ನಿಶ್. ಕೈಗೆ ಎಟುಕದ ಬೋದಿಗೆ, ತೊಲೆ, ಜಂತಿಗಳಿಗೆ ತೆಳುವಾದ ಎಣ್ಣೆ. ಮೇಲಿನ ಮಣ್ಣಿನ ಮುದ್ದೆಯಿಂದ ಮಳೆಗಾಲದಲ್ಲಿ ತುಸು ತೇವ ಇಳಿಯುವುದುಂಟು. ಅದು ಆರಿಹೋಗಲು ಎಣ್ಣೆ ಹಚ್ಚಿದ ಕಟ್ಟಿಗೆಯೇ ವಾಸಿ.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಗೆ ಮಾತ್ರ ಈ ಲೆಕ್ಕ ಬದಲಾಗಬೇಕು. ಮಗ್ಗ ನಡೆಯುವ ಮನೆಯಲ್ಲಿ ನೂಲಿನ ನವಿರಾದ ಧೂಳು ಹಾರಿ ಜಿಗುಟಿರುವಲ್ಲೆಲ್ಲ ಕೂರುತ್ತದೆ. ಎಣ್ಣೆ ಪೂರ್ತಿ ಒಣಗದ ತೊಲೆ ಅಲ್ಲಿ ನಾಲ್ಕು ದಿನಕ್ಕೆ ಹತ್ತಿಯ ತುಪ್ಪಳ ಹೊದ್ದುಕೊಳ್ಳುತ್ತದೆ, ಒಲೆಯ ಬಳಿಯಾದರೆ ಅದು ಬೆಂಕಿಗೆ ಆಹಾರ. ಅಂಥಲ್ಲಿ ತೊಲೆಗೂ ನುಣುಪಾದ ಗಟ್ಟಿ ಲೇಪವೇ ಸರಿ. ಜೊತೆಗೆ ವಾರಕ್ಕೊಮ್ಮೆ ಉದ್ದ ಕಸಬರಿಗೆ.

ಸಿಮೆಂಟಿನ ಕಂಬ-ತೊಲೆಗಳಿರುವ ಹೊಸ ಮನೆಯವರಿಗೂ ಒಂದು ಮಾತು. ಹಸಿ ಗಿಲಾಯಿಯ ಕ್ಷಾರ ಆಯಿಲ್ ಪೇಂಟಿನ ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸಿ ಬಣ್ಣವನ್ನು ಎಬ್ಬಿಸುತ್ತದೆ. ಗಿಲಾಯಿ ಪೂರ್ತಿ ಆರುವವರೆಗೆ ಕೆಲವು ವಾರ ಕಾದರೆ ಖರ್ಚು ಉಳಿಯುತ್ತದೆ.

ಯಾವುದೇ ಲೇಪವಿರಲಿ, ಕಂಬದ ಹಿಂಬದಿಯಲ್ಲಿ ಗೇಣು ಜಾಗಕ್ಕೆ ಹಚ್ಚಿ ಒಂದು ತಿಂಗಳು ಅಡಿಗೆ ಮಾಡಿ ನೋಡಬೇಕು. ಜಿಡ್ಡು ಹಿಡಿಯುತ್ತದೆಯೇ, ಒರೆಸಿದರೆ ಹೋಗುತ್ತದೆಯೇ, ಬಣ್ಣ ಮನಸ್ಸಿಗೆ ಬರುತ್ತದೆಯೇ ಎಂದು ಅತ್ತೆ ಸೊಸೆ ಇಬ್ಬರೂ ಕೂಡಿ ನೋಡಿದ ಮೇಲೆ ಮುಂದಿನ ಕೈ. ಕಪ್ಪು ಉಳಿಯಲಿ, ಮಸಿ ಹೋಗಲಿ. ಆಮೇಲೆ ಉಣ್ಣಲು ಬಂದವರು ಜಂತಿ ಎಣಿಸಿದರೂ ಮನೆಯವರಿಗೆ ಬೇಸರವಾಗಲಿಕ್ಕಿಲ್ಲ.